ಕೋಡಗನ ಕೋಳಿಯೋ, ಕೊಡಗಿನ ಕೋಳಿಯೋ? ಇಪ್ಪತ್ತು ವರ್ಷ ತಪ್ಪು ಹಾಡಿದವನ ಪ್ರಶ್ನೆ

ಮಂಡ್ಯದ ಗಿಟಾರ್
ಎಲ್ಲರಿಗೂ ನಮಸ್ಕಾರ. ನಗಬೇಡಿ ಅಂದರೂ ನೀವು ನಗುತ್ತೀರಿ, ಅದಕ್ಕೆ ನೇರವಾಗಿ ಹೇಳಿಬಿಡುತ್ತೇನೆ.

ಕಾಲೇಜಿನಲ್ಲಿದ್ದಾಗ ನಮ್ಮದೊಂದು ಬ್ಯಾಂಡ್ ಇತ್ತು. ಎರಡು ಗಿಟಾರ್, ಒಂದು ಡ್ರಮ್ಸ್, ಶ್ರುತಿ ಮಾತ್ರ ಇರಲಿಲ್ಲ. ಶರೀಫರ ಹಾಡಿಗೆ ಡಿಸ್ಟಾರ್ಶನ್ ಹಾಕಿ ಹೊಡೆದರೆ ಹುಡುಗರು ಕುಣಿಯುತ್ತಿದ್ದರು. ಹಾಡುಗಾರ ನಾನೇ. ಎದೆ ತುಂಬಿ ಹಾಡುತ್ತಿದ್ದೆ: "ಕೊಡಗಿನ ಕೋಳಿ ನುಂಗಿತ್ತಾ, ನೋಡವ್ವ ತಂಗಿ!" ತಲೆಯೊಳಗೆ ಚಿತ್ರವೂ ಇತ್ತು. ಕಾಫಿ ತೋಟದಿಂದ ಇಳಿದು ಬಂದ ಒಂದು ದೊಡ್ಡ ನಾಟಿ ಕೋಳಿ, ಏನನ್ನೋ ನುಂಗಿ ನಿಂತಿದೆ. ಏನನ್ನು ಅಂತ ಯಾವತ್ತೂ ಯೋಚಿಸಿರಲಿಲ್ಲ.

ಮೊನ್ನೆ ನಾದಿನಿಯ ಮದುವೆ. ಹೆಂಡತಿಯ ಊರು ವಿರಾಜಪೇಟೆ ಹತ್ತಿರ. ರಾತ್ರಿ ಊಟ ಆದ ಮೇಲೆ ಎಲ್ಲರೂ ಹಾಡು ಹಾಡು ಅಂದರು. ಹಾಡಿದೆ. ಎಲ್ಲ ಚಪ್ಪಾಳೆ ತಟ್ಟಿದರು. ಮಾವನವರು ಮಾತ್ರ ತಟ್ಟಲಿಲ್ಲ. ನಿಧಾನಕ್ಕೆ ಕೇಳಿದರು: "ಅಳಿಯಂದಿರೇ, ನಮ್ಮ ಕೋಳಿ ಏನು ನುಂಗಿತು?"

ಹೆಂಡತಿ ಅಲ್ಲೇ ತಲೆ ಚಚ್ಚಿಕೊಂಡಳು. "ಅದು ಕೋಡಗ ಕಣ್ರೀ. ಕೋಡಗ ಅಂದ್ರೆ ಕೋತಿ."

ಸರಿ, ಒಪ್ಪಿದೆ. ಆದರೆ ಈಗ ಹೊಸ ತಲೆನೋವು. "ಕೋಡಗನ ಕೋಳಿ" ಅಂದರೆ ಕೋತಿ ಸಾಕಿದ ಕೋಳಿಯಾ? ಅಥವಾ ಕೋತಿಯನ್ನೇ ಕೋಳಿ ನುಂಗಿತಾ? ಬ್ಯಾಂಡಿನ ಹಳೇ ಗೆಳೆಯರನ್ನು ಕೇಳಿದರೆ ಒಬ್ಬೊಬ್ಬ ಒಂದೊಂದು ಹೇಳುತ್ತಾನೆ. ಬಲ್ಲವರು ತೀರ್ಪು ಕೊಡಿ. ಈ ಹಾಡಿನಲ್ಲಿ ನಿಮ್ಮ ಕಿವಿಗೂ ಮೋಸ ಆಗಿದ್ದರೆ ಅದನ್ನೂ ಬರೆಯಿರಿ, ನಾನೊಬ್ಬನೇ ಅಲ್ಲ ಅಂತ ಸಮಾಧಾನ ಆಗಲಿ.

ಬೆಣ್ಣೆದೋಸೆ
"ಅಳಿಯಂದಿರೇ, ನಮ್ಮ ಕೋಳಿ ಏನು ನುಂಗಿತು?" ಆಫೀಸಿನಲ್ಲಿ ಓದಿ ಜೋರಾಗಿ ನಕ್ಕೆ, ಪಕ್ಕದವರೆಲ್ಲ ತಿರುಗಿ ನೋಡಿದರು. ದಯವಿಟ್ಟು ನಿಮ್ಮ ಮಾವನವರನ್ನು ಇಲ್ಲಿಗೆ ಸೇರಿಸಿ.

ಹಳೇ ಕ್ಯಾಸೆಟ್
ಮೊದಲು ಎರಡು ಮಾತು, ಹೊಸಬರಿಗೆ. ಶಿಶುನಾಳ ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಊರು ಶಿಶುನಾಳ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕು. ಗುರು ಗೋವಿಂದ ಭಟ್ಟರು. ಹಾಡುಗಳು ಬಾಯಿಂದ ಬಾಯಿಗೆ ಬಂದವು, ಪುಸ್ತಕಕ್ಕೆ ಬಂದಿದ್ದು ಆಮೇಲೆ. ಹಳೇ ಮೈಸೂರು ಕಡೆಯ ನಮ್ಮಂಥವರ ಮನೆಗೆ ಅವನ್ನು ತಂದವರು ಸಿ. ಅಶ್ವಥ್. ನಾಗಾಭರಣರ ಶರೀಫರ ಸಿನಿಮಾ ಬಂದಿದ್ದು 1990ರಲ್ಲಿ. ಅದಕ್ಕೂ ಸಂಗೀತ ಅಶ್ವಥ್ ಅವರದ್ದೇ. ಈಗಿನ ಹುಡುಗರಿಗೆ ರಘು ದೀಕ್ಷಿತ್ ಅವರ ರಾಕ್ ಧಾಟಿ ಗೊತ್ತು, 2013ರ ಜಗ್ ಚಂಗಾ ಆಲ್ಬಮ್ಮಿನದು.

ಅಂದರೆ ಉತ್ತರ ಕರ್ನಾಟಕದ ಮಾತು, ದಕ್ಷಿಣದ ಕಿವಿ, ನಡುವೆ ಡ್ರಮ್ಸ್. ತಪ್ಪು ಕೇಳದೆ ಇನ್ನೇನಾಗುತ್ತೆ?

ಒತ್ತಕ್ಷರ
ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಬಿಡಿ, ಈ ಕೋಳಿಯನ್ನು ನಾನೇ ಹಿಡಿಯುತ್ತೇನೆ.

ನುಂಗಿಸಿಕೊಂಡಿದ್ದು ಕೋತಿ. ನುಂಗಿದ್ದು ಕೋಳಿ. ಸಾಕ್ಷಿ ಹಾಡಿನ ಮುಂದಿನ ಸಾಲಿನಲ್ಲೇ ಇದೆ: "ಆಡು ಆನೆಯ ನುಂಗಿ, ಗೋಡೆ ಸುಣ್ಣವ ನುಂಗಿ." ಆ "ಸುಣ್ಣವ" ನೋಡಿ. ಸುಣ್ಣಕ್ಕೆ ಸೇರಿದ್ದು ಅನ್ನಬೇಕಾದರೆ "ಸುಣ್ಣದ" ಆಗಬೇಕಿತ್ತು. "ಸುಣ್ಣವ" ಅಂದರೆ ಸುಣ್ಣವನ್ನು, ಬೇರೆ ಅರ್ಥವೇ ಇಲ್ಲ. ಹಾಗೇ "ಆನೆಯ" ಅಂದರೆ ಆನೆಯನ್ನು, "ಒನಕೆಯ" ಅಂದರೆ ಒನಕೆಯನ್ನು. ಹಾಡಿನ ತುಂಬ ಇದೇ ಧಾಟಿ. ಪಲ್ಲವಿಯಲ್ಲಿ ಮಾತ್ರ ಬೇರೆ ಯಾಕಾಗುತ್ತೆ? "ರಾಮನ ಕಂಡೆ" ಅಂದರೆ ರಾಮನನ್ನು ಕಂಡೆ ತಾನೇ? ಎಷ್ಟೋ ಕಡೆ "ಕೋಡಗನ್ನ" ಅಂತಲೇ ಬರೆದಿರುತ್ತಾರೆ, ಆಗ ಗೊಂದಲವೇ ಇಲ್ಲ.

ಚಹಾ ಚೂಡಾ
ಟೀಚರ್, ಒಂದು ತಕರಾರು. ಸುಣ್ಣ "ಸುಣ್ಣವ" ಆದರೆ ಕೋಡಗ "ಕೋಡಗವ" ಆಗಬೇಕಿತ್ತಲ್ಲ? "ಕೋಡಗನ" ಹೇಗಾಯಿತು? ಕೋತಿ ಏನು ನಮ್ಮ ದೊಡ್ಡಪ್ಪನ ಮಗನಾ?

ಒತ್ತಕ್ಷರ
ನಿಮ್ಮ ದೊಡ್ಡಪ್ಪನ ಮಗನ ವಿಷಯ ನನಗೆ ಗೊತ್ತಿಲ್ಲಪ್ಪ. ಆದರೆ "ಕೋಣನ ಮುಂದೆ ಕಿನ್ನರಿ" ಅಂತೀವಲ್ಲ, ಕೋಣದ ಮುಂದೆ ಅಂತೀವಾ? ಕೆಲವು ಪ್ರಾಣಿಗಳನ್ನು ಕನ್ನಡ ಗಂಡಸರ ಸಾಲಿನಲ್ಲಿ ಕೂರಿಸಿದೆ. ಕೋಣನ, ತೋಳನ, ಹಾಗೇ ಕೋಡಗನ.

ಚಹಾ ಚೂಡಾ
ಸೋತೆ. ಕೂತೆ.

ಪಾಪು ಅಮ್ಮ
ನಾನು "ಕೋತಿ ಸಾಕಿದ ಕೋಳಿ" ಪಾರ್ಟಿ. ಮಗಳಿಗೆ ಕಥೆಯನ್ನೂ ಕಟ್ಟಿ ಹೇಳಿದ್ದೇನೆ. ಒಂದು ಕೋತಿ ಒಂದು ಕೋಳಿ ಸಾಕಿತ್ತು, ಆ ಕೋಳಿ ಸಿಕ್ಕಿದ್ದನ್ನೆಲ್ಲ ನುಂಗುತ್ತಿತ್ತು, ಆನೆ, ಗೋಡೆ, ಎಲ್ಲ. ಈಗ ಅದನ್ನೆಲ್ಲ ವಾಪಸ್ ತಗೋಬೇಕಾ?

ಒತ್ತಕ್ಷರ
ಬೇಡ ತಾಯಿ, ಕಥೆ ಚೆನ್ನಾಗಿದೆ. ಪರೀಕ್ಷೆಯಲ್ಲಿ ಮಾತ್ರ ಬರೆಯದಿರಲಿ.

ಗಿರಮಿಟ್
ಧಾರವಾಡದವನು ನಾನು. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಕೋಡಗ ಒಂದೇ ಅಲ್ಲರೀ, ಮುಂದಿನ ಸಾಲುಗಳಲ್ಲಿ ನೀವೆಲ್ಲ ಏನೇನು ಕೇಳಿಸಿಕೊಂಡಿದ್ದೀರಿ ಅಂತ ನನಗೆ ಗೊತ್ತು. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದೇನೆ. ಒಬ್ಬ ಸಹೋದ್ಯೋಗಿ "ಆಡಲು ಬಂದ ಪಾತ್ರೆಯವಳ" ಅಂತ ಹಾಡಿದ್ದನ್ನು ಈ ಕಿವಿಯಾರೆ ಕೇಳಿದ್ದೇನೆ. ಪಾತ್ರೆಯವಳು ಯಾರಪ್ಪಾ ಅಂದರೆ, "ಪಾತ್ರೆ ಮಾರೋಳು, ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡ್ತಾಳಲ್ಲ" ಅಂದ!

ಅದು ಪಾತರದವಳು. ಕುಣಿಯುವವಳು. ಆಡಲು ಬಂದವಳನ್ನು ಅವಳ ಹಿಂದೆ ಬಾರಿಸುವ ಮದ್ದಲೆ ನುಂಗಿತು ಅಂತ ಸಾಲು.

ಕೂರ್ಗ್ ಎಕ್ಸ್‌ಪ್ರೆಸ್
ನಾನು ಪಾತ್ರೆ ತೊಳೆಯುವವಳು ಅಂದುಕೊಂಡಿದ್ದೆ. ಮಾರುವವಳು ಅಂತೂ ಹೊಳೆದಿರಲಿಲ್ಲ.

ಬೆಣ್ಣೆದೋಸೆ
ನನ್ನದು ಇನ್ನೂ ಮೇಲೆ. "ಪಾತಾಳದವಳ ಮದ್ದಲೆ". ಪಾತಾಳದಿಂದ ಯಾರೋ ಎದ್ದು ಬಂದ ಹಾಗೆ. ಹೆವಿ ಮೆಟಲ್ ಕೇಳುತ್ತಿದ್ದ ದಿನಗಳು, ಪಾತಾಳ ಸಹಜವಾಗಿಯೇ ಕೇಳಿಸಿತು.

ಗಿರಮಿಟ್
ಹಾಂ, ಇನ್ನೊಂದು. "ಒಳ್ಳು ಒನಕೆಯ ನುಂಗಿ". ಒಳ್ಳು ಅಂದರೆ ಒರಳು. ನಮ್ಮಜ್ಜಿ "ಒಳ್ಳಾಗ ಹಾಕಿ ಕುಟ್ಟು" ಅಂತಿದ್ದಳು. ಇದನ್ನು ಯಾರು ಏನು ಅಂತ ಕೇಳಿದ್ದೀರಿ? ಪ್ರಾಮಾಣಿಕವಾಗಿ ಹೇಳಿ.

ಮಂಡ್ಯದ ಗಿಟಾರ್
"ಒಳ್ಳೆ ಒನಕೆಯ ನುಂಗಿ". ಕೆಟ್ಟ ಒನಕೆ ಬಿಟ್ಟು ಒಳ್ಳೆಯದನ್ನೇ ಆರಿಸಿ ನುಂಗಿತು ಅಂತ.

ಫಿಲ್ಟರ್ ಕಾಫಿ
"ಹಳ್ಳ ಒನಕೆಯ ನುಂಗಿ". ಮಳೆಗಾಲ, ಹಳ್ಳ ತುಂಬಿ ಹರಿಯುತ್ತಿದೆ, ಒನಕೆ ಕೊಚ್ಚಿಕೊಂಡು ಹೋಯಿತು. ನನ್ನದು ಅರ್ಥಪೂರ್ಣ ತಪ್ಪು, ದಯವಿಟ್ಟು ಹೆಚ್ಚು ಅಂಕ ಕೊಡಿ.

ಕುಡ್ಲದ ಮಾರಾಯ
ನಮ್ಮ ಕಡೆ ಹೊಳ್ಳ ಅಂತ ಮನೆತನದ ಹೆಸರು ಉಂಟು ಮಾರಾಯ್ರೆ. ಹೊಳ್ಳರು ಒನಕೆ ನುಂಗಿದರು ಅಂತ ನಾನು ಹತ್ತನೇ ಕ್ಲಾಸಿನವರೆಗೆ ನಂಬಿದ್ದೆ. ಕ್ಲಾಸಿನಲ್ಲಿ ಒಬ್ಬ ಹೊಳ್ಳ ಇದ್ದ. ಅವನನ್ನು ನೋಡಿದರೆ ನುಂಗಿದರೂ ನುಂಗಿಯಾನು ಅಂತ ಅನಿಸುತ್ತಿತ್ತು.

ಮೈಕ್ ಟೆಸ್ಟಿಂಗ್
ಸೌಂಡ್ ಕೆಲಸ ಮಾಡುವವನು ನಾನು. ತಪ್ಪೆಲ್ಲ ಕಿವಿಯದೇ ಅಲ್ಲ, ಹಾಗಾಗಿ ಒಂದು ಮಾತು. ಸ್ವರಗಳು ಗಟ್ಟಿ, ಎಳೆದಷ್ಟೂ ಕೇಳುತ್ತವೆ. ಮಾತನ್ನು ಮಾತು ಮಾಡುವುದು ವ್ಯಂಜನ. ಕ, ತ, ಸ ಇವೆಲ್ಲ ಕ್ಷಣಮಾತ್ರದ ಸದ್ದು. ಇವುಗಳ ಗುರುತು ಹೆಚ್ಚಾಗಿ 2000 ಹರ್ಟ್ಸ್ ಮೇಲೆ ಸಿಗುತ್ತೆ. ಡಿಸ್ಟಾರ್ಶನ್ ಹಾಕಿದ ಗಿಟಾರ್ ಮತ್ತು ಸಿಂಬಲ್ ಬಂದು ಕೂರುವುದೂ ಸರಿಯಾಗಿ ಅಲ್ಲೇ. ಬಸ್ಸಿನಲ್ಲಿ ನಿಮ್ಮ ಸೀಟಿನ ಮೇಲೆ ಬೇರೆಯವರು ಟವೆಲ್ ಹಾಕಿದ ಹಾಗೆ.

ಇನ್ನು ಕನ್ನಡದ್ದೇ ಒಂದು ತೊಂದರೆ ಇದೆ. ನಮ್ಮಲ್ಲಿ ಕೊ ಬೇರೆ, ಕೋ ಬೇರೆ. ರಾಗಕ್ಕೆ ಎಳೆದರೆ ಎರಡೂ ಒಂದೇ. "ಕೋsಡಗಾsನ" ಅಂತ ಎಳೆದಾಗ ಕೊಡಗೋ ಕೋಡಗವೋ, ತಾಳ ಹಾಕುವವನಿಗೆ ಏನು ಗೊತ್ತಾಗಬೇಕು? ಗಿಟಾರ್ ಸರ್, ನಿಮ್ಮ ತಪ್ಪು ಅರ್ಧ ಮಾತ್ರ.

ಮಂಡ್ಯದ ಗಿಟಾರ್
ಇದನ್ನು ಪ್ರಿಂಟ್ ತೆಗೆದು ಮಾವನವರಿಗೆ ಕಳಿಸುತ್ತೇನೆ.

ನಿಜಗುಣಿ
ಕ್ಷಮಿಸಿ, ಎಲ್ಲರ ನಗುವಿಗೆ ನೀರು ಹಾಕುತ್ತೇನೆ. ಇದು ತತ್ವಪದ. ಕಾಮಿಡಿ ಹಾಡಲ್ಲ, ರಾಕ್ ಹಾಡಂತೂ ಅಲ್ಲವೇ ಅಲ್ಲ. ಕೋಡಗ ಅಂದರೆ ಚಂಚಲ ಮನಸ್ಸು. ಬೆಳಗಿನ ಜಾವ ಕೂಗಿ ಎಬ್ಬಿಸುವ ಕೋಳಿ ಅಂದರೆ ಎಚ್ಚರ. ಎಚ್ಚರ ಬಂದು ಮನಸ್ಸಿನ ಕುಣಿತವನ್ನು ನುಂಗಿತು. ಕೊನೆಗೆ "ಗೋವಿಂದ ಗುರುವಿನ ಪಾದ ನನ್ನನೆ ನುಂಗಿತ್ತ" ಅಂತ ಮುಗಿಯುತ್ತೆ. ಅಲ್ಲಿಗೆ "ನಾನು" ಅನ್ನುವುದೇ ಉಳಿಯಲಿಲ್ಲ. ಹನ್ನೆರಡನೇ ಶತಮಾನದಲ್ಲಿ ಅಲ್ಲಮ ಬರೆದ ಬೆಡಗಿನ, ಅಂದರೆ ಒಗಟಿನಂಥ, ವಚನಗಳ ದಾರಿ ಇದು. ಉತ್ತರದಲ್ಲಿ ಕಬೀರನ ಉಲಟಬಾಂಸಿ, ಅಂದರೆ ತಲೆಕೆಳಗು ಮಾತಿನ ಪದಗಳು, ಕೂಡ ಹೀಗೇ. ಹೊಳ್ಳರನ್ನೂ ಸ್ಟೀಲ್ ಪಾತ್ರೆಯನ್ನೂ ತಂದು ಇದರೊಳಗೆ ತುರುಕಬೇಡಿ.

ಗಿರಮಿಟ್
ಸರ್, ಅರ್ಥ ನೀವು ಹೇಳಿದ್ದು ಸರಿ. ಆದರೆ ನಗಬಾರದು ಅಂದಿದ್ದು ಯಾರು? ನಮ್ಮ ಕಡೆ ಭಜನೆಯಲ್ಲಿ ಇದನ್ನು ಹಾಡಿದಾಗ ಮುದುಕರೇ ಮೊದಲು ನಗುತ್ತಾರೆ. "ಕುಟ್ಟಲು ಬಂದ ಮುದುಕಿಯನ್ನೆ ನೊಣವು ನುಂಗಿತ್ತ" ಅಂದಾಗ ಮುಂದೆ ಕೂತ ಅಜ್ಜಿಯರು ಒಬ್ಬರನ್ನೊಬ್ಬರು ತಿವಿಯುತ್ತಾರೆ. ಬಿದ್ದ ಮುದುಕಿಯನ್ನು, ಸೋರುವ ಮಾಳಿಗೆಯನ್ನು, ಗುಡುಗುಡಿಯನ್ನು ಹಾಡು ಮಾಡಿದ ಮನುಷ್ಯ ಅವರು. ಮುಖ ಗಂಟು ಹಾಕಿಕೊಂಡು ಕೇಳಲಿ ಅಂತ ಹಾಡಿರಲಿಕ್ಕಿಲ್ಲ.

ನಿಜಗುಣಿ
ನಗುವುದಕ್ಕೆ ನನ್ನ ಅಡ್ಡಿಯಿಲ್ಲ. ಡ್ರಮ್ಸಿಗೆ ಅಡ್ಡಿ.

ಮೈಕ್ ಟೆಸ್ಟಿಂಗ್
ಮದ್ದಲೆಯಾದರೆ ಸರಿ, ಡ್ರಮ್ಸಾದರೆ ತಪ್ಪಾ?

ಫಿಲ್ಟರ್ ಕಾಫಿ
ಮದ್ದಲೆ ಪಾತರದವಳನ್ನು ನುಂಗಿತು. ಡ್ರಮ್ಸ್ ಸಾಹಿತ್ಯವನ್ನೇ ನುಂಗಿತು. ಶರೀಫರು ಮೊದಲೇ ಹೇಳಿದ್ದರು.

ಹಳೇ ಕ್ಯಾಸೆಟ್
ಮೇಲಿನ ಮಾತಿಗೆ ನನ್ನ ಕಡೆಯಿಂದ ಒಂದು ಬೈಟು ಕಾಫಿ.

ತಪ್ಪು ಕೇಳುವುದು ರಾಕ್‌ನವರ ಪಾಪ ಮಾತ್ರ ಅಲ್ಲ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. "ತರವಲ್ಲ ತಗಿ ನಿನ್ನ ತಂಬೂರಿ". ಇದನ್ನು "ತರವಲ್ಲ ತಂಗಿ ನಿನ್ನ ತಂಬೂರಿ" ಅಂತ ಕೇಳಿದವರು ಕೈ ಎತ್ತಿ. ಡ್ರಮ್ಸೂ ಇಲ್ಲ, ಗಿಟಾರೂ ಇಲ್ಲ, ಹಾರ್ಮೋನಿಯಂ ಮಾತ್ರ ಇದ್ದರೂ ಕೈ ಎತ್ತುವವರು ಕಡಿಮೆಯಾಗುವುದಿಲ್ಲ.

ಪಾಪು ಅಮ್ಮ
ಏನು, ಅದು ತಂಗಿ ಅಲ್ವಾ???

ಬೆಣ್ಣೆದೋಸೆ
ತಂಗಿ ಅಲ್ವಾ?

ಕೂರ್ಗ್ ಎಕ್ಸ್‌ಪ್ರೆಸ್
ಒಂದು ನಿಮಿಷ. ತಂಗಿ ಅಲ್ವಾ?

ಗಿರಮಿಟ್
ಅಯ್ಯೋ ದೇವರೇ. ತಗಿ, ತಗಿ! ತೆಗೆ ಅಂತ. "ಸ್ವರ ಬರದೆ ಬಾರಿಸದಿರು" ಅಂತ ಮುಂದೆ ಬರುತ್ತಲ್ಲ. ಬಾರಿಸೋಕೆ ಬರಲ್ಲ, ತೆಗಿ ಆ ತಂಬೂರಿ ಅಂತ ಬೈಯುತ್ತಿದ್ದಾರೆ. ಕೋಡಗನ ಹಾಡಿನಲ್ಲಿ ನಿಜವಾಗಿಯೂ ತಂಗಿ ಇದ್ದಾಳೆ, ಅವಳನ್ನೇ ಎಳೆದು ತಂದು ಇಲ್ಲಿ ಕೂರಿಸಿದ್ದೀರಿ ನೀವು.

ಮೈಕ್ ಟೆಸ್ಟಿಂಗ್
ಪಾಪ, ಆ ತಂಗಿ ಯಾವ ತಪ್ಪೂ ಮಾಡದೆ ಇಷ್ಟು ವರ್ಷ ಬೈಗುಳ ತಿಂದಳು.

ಚಹಾ ಚೂಡಾ
ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರೇ ಇದೆ, ಮಾಂಡೆಗ್ರೀನ್. 1954ರಲ್ಲಿ ಸಿಲ್ವಿಯಾ ರೈಟ್ ಅನ್ನುವ ಅಮೆರಿಕದ ಲೇಖಕಿ ಇಟ್ಟಿದ್ದು. ಅವರ ತಾಯಿ ಒಂದು ಹಳೇ ಸ್ಕಾಟಿಷ್ ಲಾವಣಿ ಓದಿ ಹೇಳುತ್ತಿದ್ದರಂತೆ. ಒಬ್ಬ ಸರದಾರನನ್ನು ಕೊಂದು "ಲೇಯ್ಡ್ ಹಿಮ್ ಆನ್ ದ ಗ್ರೀನ್", ಅಂದರೆ ಹುಲ್ಲಿನ ಮೇಲೆ ಮಲಗಿಸಿದರು ಅಂತ ಸಾಲು. ಹುಡುಗಿಗೆ ಕೇಳಿಸಿದ್ದು "ಲೇಡಿ ಮಾಂಡೆಗ್ರೀನ್". ಸರದಾರನ ಜೊತೆ ಒಬ್ಬ ಹೆಂಗಸೂ ಸತ್ತಳು ಅಂತ ಎಷ್ಟೋ ವರ್ಷ ಮರುಗಿದರಂತೆ.

ರಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ 1967ರಲ್ಲಿ ಆಕಾಶಕ್ಕೆ ಮುತ್ತು ಕೊಡುತ್ತೇನೆ ("ಕಿಸ್ ದ ಸ್ಕೈ") ಅಂತ ಹಾಡಿದರೆ, ಜನಕ್ಕೆ "ಈ ಹುಡುಗನಿಗೆ ಮುತ್ತು ಕೊಡುತ್ತೇನೆ" ("ಕಿಸ್ ದಿಸ್ ಗೈ") ಅಂತ ಕೇಳಿಸಿತು. ಜಾನ್ ಫೋಗರ್ಟಿ ಕೆಟ್ಟ ಚಂದ್ರ ಹುಟ್ಟುತ್ತಿದ್ದಾನೆ ("ಬ್ಯಾಡ್ ಮೂನ್ ಆನ್ ದ ರೈಸ್") ಅಂತ ಹಾಡಿದ್ದನ್ನು "ಬಲಗಡೆ ಬಾತ್‌ರೂಮ್ ಇದೆ" ("ಬಾತ್‌ರೂಮ್ ಆನ್ ದ ರೈಟ್") ಅಂತ ಕೇಳಿದರು. ಆತ ಎಷ್ಟು ಒಳ್ಳೆಯವನು ಅಂದರೆ ಕಚೇರಿಗಳಲ್ಲಿ ತಾನೇ ಬೇಕಂತ ಬಾತ್‌ರೂಮ್ ಅಂತ ಹಾಡಲು ಶುರು ಮಾಡಿದ.

ಕುಡ್ಲದ ಮಾರಾಯ
ಪಾಪ ಲೇಡಿ ಮಾಂಡೆಗ್ರೀನ್, ಪಾಪ ನಮ್ಮ ತಂಗಿ. ಇಬ್ಬರೂ ಇಲ್ಲದ ಕಡೆ ಸಿಕ್ಕಿಬಿದ್ದವರು. ಇದಕ್ಕೆ ಕನ್ನಡದಲ್ಲಿ ಏನು ಹೇಳುವುದು?

ಒತ್ತಕ್ಷರ
ಕಿವಿಜಾರು. ಬಾಯಿಜಾರು ಇರುವ ಹಾಗೆ.

ಫಿಲ್ಟರ್ ಕಾಫಿ
ನಾನು "ತಂಗಿತಪ್ಪು" ಅಂತ ಸೂಚಿಸುತ್ತೇನೆ. ಅನುಮೋದಿಸುವವರು?

ಪಾಪು ಅಮ್ಮ
ಅನುಮೋದಿಸಿದೆ. ನನ್ನ ತಮ್ಮನದೊಂದು ತಂಗಿತಪ್ಪು ಕೇಳಿ. ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟ "ಕಾಡು ಕುದುರೆ ಓಡಿ ಬಂದಿತ್ತಾ" ಗೊತ್ತಲ್ಲ, ಕಂಬಾರರದ್ದು. ತಮ್ಮ ಎರಡೂ ಹಾಡು ಸೇರಿಸಿ "ಕಾಡು ಕುದುರೆ ಕೋಳಿ ನುಂಗಿತ್ತಾ" ಅಂತ ಸ್ಕೂಲ್ ಡೇಗೆ ಹಾಡಿದ್ದ. ಬಹುಮಾನವೂ ಬಂತು. ಪಿಂಗಾಣಿ ಲೋಟ.

ಗಿರಮಿಟ್
ಪ್ರಾಮಾಣಿಕವಾಗಿ ಹೇಳಿ ಅಂತ ನಿಮ್ಮನ್ನು ಕೇಳಿದೆ, ಈಗ ನನ್ನ ಸರದಿ. ನಮ್ಮೂರ ಹಾಡಾದರೂ ನಾನೂ ಒಂದು ಕಡೆ ಜಾರಿದ್ದೇನೆ. "ಎತ್ತು ಜತ್ತಗಿ ನುಂಗಿ, ಬತ್ತ ಬಾನವ ನುಂಗಿ". ಜತ್ತಗಿ ಗೊತ್ತಿತ್ತು, ಎತ್ತನ್ನು ನೊಗಕ್ಕೆ ಕಟ್ಟುವ ಪಟ್ಟಿ. ಬಾನ ಮಾತ್ರ ಆಕಾಶ ಅಂದುಕೊಂಡಿದ್ದೆ. ಬತ್ತದ ಕಾಳೊಂದು ಆಕಾಶವನ್ನೇ ನುಂಗಿತು! ಎಂಥ ಕಲ್ಪನೆ ಅಂತ ಹಾಸ್ಟೆಲಿನಲ್ಲಿ ಭಾಷಣ ಬೇರೆ ಮಾಡಿದ್ದೆ.

ರಜೆಗೆ ಹೋದಾಗ ಅಜ್ಜಿಗೆ ಹೇಳಿದೆ. ಅಜ್ಜಿ ಅಂದಳು, "ಆಕಾಶ ಎಲ್ಲಿಂದ ಬಂತೋ ಹುಚ್ಚಾ, ಬಾನ ಅಂದ್ರ ಉಣ್ಣೋದು. ಮುಂಜಾನೆ ನೀ ಉಂಡಿಯಲ್ಲ, ಅದು."

ಒತ್ತಕ್ಷರ
ನಿಮ್ಮ ಅಜ್ಜಿಗೆ ನಮಸ್ಕಾರ. ಬಾನ, ಬೋನ ಎರಡೂ ಅನ್ನವೇ. ದೇವರಿಗೆ ಬೋನ ಇಡುತ್ತೇವಲ್ಲ, ಅದೇ. ಅದೂ ಅಲ್ಲದೆ ಬಾನು ಆಕಾಶವಾದರೆ "ಬಾನ ನುಂಗಿ" ಅಂತ ಆಗುತ್ತಿತ್ತು, "ಬಾನವ" ಆಗುವುದಿಲ್ಲ.

ಕಟ್ಟೆ ಪುರಾಣ
ಬಾನ ಅಂದರೆ ದೊಡ್ಡ ಮಡಕೆ ಅಂತಲೂ ಇದೆ ಮೇಡಂ. ಬಾನಿ ಅಂತೀವಲ್ಲ. ಬತ್ತ ಮಡಕೆಯನ್ನು ನುಂಗಿತು. ಒಳಗಿರುವುದು ಹೊರಗಿರುವುದನ್ನು ನುಂಗುವುದು. ಆ ಹಾಡಿನ ಮೋಜು ಅದೇ ತಾನೇ?

ಒತ್ತಕ್ಷರ
ಇದನ್ನು ನಾನು ತಳ್ಳಿಹಾಕುವುದಿಲ್ಲ. ರಾತ್ರಿ ಯೋಚಿಸಿ ಹೇಳುತ್ತೇನೆ.

ಲಾಳಿ
ಮೊದಲ ಸಲ ಬರೆಯುತ್ತಿದ್ದೇನೆ. ನಮ್ಮದು ನೇಕಾರರ ಮನೆ, ಬಾಗಲಕೋಟೆ ಜಿಲ್ಲೆ. ತಂದೆ ಮಗ್ಗದ ಮೇಲೆ ಕೂತು ಇದೇ ಹಾಡು ಹಾಡುತ್ತಿದ್ದರು. "ಹಗ್ಗ ಮಗ್ಗವ ನುಂಗಿ, ಮಗ್ಗವ ಲಾಳಿ ನುಂಗಿ, ಮಗ್ಗದಲಿರುವ ಅಣ್ಣನನ್ನೆ ಕುಣಿಯು ನುಂಗಿತ್ತ". ಲಾಳಿ ಅಂದರೆ ನೇಯುವಾಗ ನೂಲನ್ನು ಅಡ್ಡಡ್ಡ ಓಡಿಸುವ ಸಾಧನ. ಹಲವರು ಕೊನೆಯ ಮಾತನ್ನು "ಮಣಿಯು ನುಂಗಿತ್ತ" ಅಂತ ಹಾಡುತ್ತಾರೆ. ಕೆಲವರು ಬರೆಯುವುದೂ ಹಾಗೇ. ನಮ್ಮ ಮನೆಯಲ್ಲಿ ಕುಣಿ.

ಕುಣಿ ಮಗ್ಗ ನೋಡದವರಿಗೆ ಇದು ಗೊತ್ತಾಗುವುದು ಕಷ್ಟ. ನೆಲದಲ್ಲಿ ಗುಂಡಿ ತೋಡಿರುತ್ತಾರೆ. ನೇಯುವವರು ನೆಲದ ಮಟ್ಟಕ್ಕೆ ಕೂತು ಎರಡೂ ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ತುಳಿಯುತ್ತಾರೆ. ಬಾಗಿಲಲ್ಲಿ ನಿಂತು ನೋಡಿದರೆ ಅಪ್ಪನಿಗೆ ಸೊಂಟದಿಂದ ಕೆಳಗೆ ಏನೂ ಇಲ್ಲ. ಗುಂಡಿ ಅರ್ಧ ಮನುಷ್ಯನನ್ನು ನುಂಗಿದ ಹಾಗೇ ಕಾಣುತ್ತೆ. ನಾನು ಚಿಕ್ಕವಳಿದ್ದಾಗ ಈ ಹಾಡು ಒಗಟು ಅಂತಲೇ ಅನಿಸಿರಲಿಲ್ಲ. ನಮ್ಮ ಅಪ್ಪನ ಮೇಲೆ ಕಟ್ಟಿದ್ದು ಅಂದುಕೊಂಡಿದ್ದೆ.

ಮಂಡ್ಯದ ಗಿಟಾರ್
ಇಷ್ಟು ವರ್ಷ ಹಾಡಿದೆ, ಇದು ಹೊಳೆದೇ ಇರಲಿಲ್ಲ. ನಾನು "ಕುಣಿಯುತ ನುಂಗಿತ್ತ" ಅಂತ ಹಾಡುತ್ತಿದ್ದೆ, ಡ್ಯಾನ್ಸ್ ಮಾಡುತ್ತಾ ನುಂಗಿತು ಅಂತ. ಅಲ್ಲಿ ನಾನೂ ಸ್ಟೇಜಿನ ಮೇಲೆ ಕುಣಿಯುತ್ತಿದ್ದೆ.

ಗಿರಮಿಟ್
ಅಕ್ಕಾ, ಮಣಿ ಅನ್ನುವವರನ್ನೂ ಪೂರ್ತಿ ಬಿಡುವ ಹಾಗಿಲ್ಲ. ನಮ್ಮ ಕಡೆ ಮನೆ ಮನಿ ಆಗುತ್ತೆ, ಮಾಳಿಗೆ ಮಾಳಿಗಿ ಆಗುತ್ತೆ. ಹಾಗೇ ಮಣೆ ಮಣಿ ಆಗುತ್ತೆ. ಕೂರುವ ಹಲಗೆ. ಕೂತವನನ್ನು ಮಣೆ ನುಂಗಿತು ಅಂದರೆ ಅದಕ್ಕೂ ಅರ್ಥ ಇದೆ. ಕೊರಳಿನ ಮಣಿ ಅಂದುಕೊಂಡರೆ ಮಾತ್ರ ಕಷ್ಟ.

ಲಾಳಿ
ಅದೂ ಆಗಬಹುದು ಅಣ್ಣಾ. ಅಪ್ಪ ಇದ್ದಿದ್ದರೆ ಒಪ್ಪುತ್ತಿರಲಿಲ್ಲ, ಅಷ್ಟೇ.

ಕಟ್ಟೆ ಪುರಾಣ
ಲಾಳಿಯವರ ಮಾತು ಓದಿ ಹಾಡನ್ನು ಮತ್ತೆ ಮೊದಲಿನಿಂದ ಕೇಳಿದೆ. ಒಂದು ವಿಷಯ ಹೊಳೆಯಿತು. ಎಲ್ಲರೂ ಇದನ್ನು ಆಗದ ಹೋಗದ ಮಾತು ಅಂತೀವಿ. ಅರ್ಧದಷ್ಟು ದಿನಾ ಆಗುವುದೇ! ಒರಳೊಳಗೆ ಒನಕೆ ಹೋಗುತ್ತೆ. ಬೀಸುಕಲ್ಲಿನೊಳಗೆ ಗೂಟ ಕೂತಿರುತ್ತೆ. ಗೋಡೆ ಸುಣ್ಣ ಕುಡಿಯುತ್ತೆ, ಮೊದಲ ಕೋಟು ಪೂರ್ತಿ ಮಾಯ. ಬತ್ತದ ಹೊಟ್ಟೆಯಲ್ಲಿ ಅನ್ನ ಇರುತ್ತೆ. ನೇಕಾರ ಗುಂಡಿಯಲ್ಲಿ ಇರುತ್ತಾನೆ. ನಡುನಡುವೆ ಆಡು ಆನೆಯನ್ನು ನುಂಗುತ್ತೆ, ನೊಣ ಮುದುಕಿಯನ್ನು ನುಂಗುತ್ತೆ. ನಿಜದ ಜೊತೆ ಸುಳ್ಳನ್ನು ಕಲಸಿ ಕೊಟ್ಟಿದ್ದಾರೆ, ಯಾವುದು ಯಾವುದು ಅಂತ ಗೊತ್ತಾಗದ ಹಾಗೆ. ನಮಗೆ ಎಲ್ಲವೂ ಸುಳ್ಳು ಅನಿಸುತ್ತೆ. ನಮ್ಮ ಮನೆಯಲ್ಲಿ ಒರಳೂ ಇಲ್ಲ, ಮಗ್ಗವೂ ಇಲ್ಲ.

ನಿಜಗುಣಿ
ಇದು ಒಳ್ಳೆಯ ಮಾತು. ಡ್ರಮ್ಸ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಇದು ಒಳ್ಳೆಯ ಮಾತು.

ಫಿಲ್ಟರ್ ಕಾಫಿ
ನಮ್ಮ ಮನೆಗೆ ಬಣ್ಣ ಹೊಡೆದವರೂ ಇದೇ ಹೇಳಿದರು. "ಸರ್, ನಿಮ್ಮ ಗೋಡೆ ಭಾರೀ ಕುಡೀತು, ಇನ್ನೂ ನಾಲ್ಕು ಲೀಟರ್ ಬೇಕು." ಶರೀಫರ ಸಾಲು ಗೊತ್ತಿದ್ದಿದ್ದರೆ ಚೌಕಾಶಿ ಮಾಡುತ್ತಲೇ ಇರಲಿಲ್ಲ.

ಕೂರ್ಗ್ ಎಕ್ಸ್‌ಪ್ರೆಸ್
ಹಾಗಾದರೆ ಕೋಳಿ ಕೋತಿಯನ್ನು ನುಂಗುವುದು ನಿಜದ ಪಟ್ಟಿಗಾ, ಸುಳ್ಳಿನ ಪಟ್ಟಿಗಾ?

ಬೆಣ್ಣೆದೋಸೆ
ಕೊಡಗಿನ ಕೋಳಿ ಆದರೆ ನಿಜದ ಪಟ್ಟಿಗೆ. ಆ ಕಡೆಯ ನಾಟಿ ಕೋಳಿಗಳನ್ನು ನೋಡಿದ್ದೇನೆ, ಕೋತಿ ಏನು, ಸ್ಕೂಟರ್ ಕೂಡ ನುಂಗುತ್ತವೆ.

ಕುಡ್ಲದ ಮಾರಾಯ
ಕೋಳಿಯ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ಕೊಡಗಿನವರು ಹಂದಿ ಸಾರಿಗೆ ಹಾಕುವ ಹುಳಿ, ಕಾಚಂಪುಳಿಯನ್ನು ಕೋಳಿ ಸಾರಿಗೂ ಹಾಕುತ್ತಾರಾ? ನಮ್ಮಲ್ಲಿ ಒಂದು ಬಾಟಲಿ ಸುಮ್ಮನೆ ಕೂತಿದೆ.

ನಿಜಗುಣಿ
ಮುಗಿಯಿತು. ತತ್ವಪದ ಅಡುಗೆಮನೆಗೆ ಹೋಯಿತು.

ಒತ್ತಕ್ಷರ
ರಾತ್ರಿ ಯೋಚಿಸಿದೆ. ಬಾನ ಅಂದರೆ ಅನ್ನವೇ. ಮಡಕೆ ಪಕ್ಷಕ್ಕೆ ಎರಡನೇ ಬಹುಮಾನ. ಕಟ್ಟೆ ಪುರಾಣ ಅವರು ಬೇಜಾರು ಮಾಡಿಕೊಳ್ಳಬಾರದು.

ಕಟ್ಟೆ ಪುರಾಣ
ಬೇಜಾರು ಏನಿಲ್ಲ ಮೇಡಂ. ಪಿಂಗಾಣಿ ಲೋಟ ಕಳಿಸಿ.

ಮಂಡ್ಯದ ಗಿಟಾರ್
ಕೊನೆಯ ವರದಿ. ನಿನ್ನೆ ಮಾವನವರಿಗೆ ಫೋನ್ ಮಾಡಿ ಎಲ್ಲ ಓದಿ ಹೇಳಿದೆ. ಪಾತರದವಳು, ಒಳ್ಳು, ಬಾನ, ಕುಣಿ, ಒಂದೂ ಬಿಡದೆ. ಅವರು ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಅದೆಲ್ಲ ಸರಿ. ಮುಂದಿನ ಸಲ ಬರುವಾಗ ಯಾವುದು ಹಾಡ್ತೀರಿ?"

ತಂಬೂರಿ ಹಾಡುತ್ತೇನೆ ಅಂದೆ. ಹೆಂಡತಿ ಪಕ್ಕದಿಂದ ಫೋನ್ ಕಿತ್ತುಕೊಂಡು, "ತಗಿ" ಅಂದಳು.

ಗಿರಮಿಟ್
ತಗಿ ಅಂದರಾ, ತಂಗಿ ಅಂದರಾ? ಸರಿಯಾಗಿ ಕೇಳಿಸಿಕೊಂಡಿರಿ ತಾನೇ?